ಸಹಾಯಧನ, ತರಬೇತಿ ಮತ್ತು ನಮ್ಮೂರಿನ ಸಣ್ಣ ಉದ್ದಿಮೆಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ನನ್ನನ್ನು ಕೇಳಿಕೊಂಡರು. ಮುಳಿಹುಲ್ಲಿನ ಮಾಡಿನ ಕೆಳಗೆ ಪಾಠ ಆರಂಭವಾದ ದಿನಗಳು, ಮಳೆಗಾಲದಲ್ಲಿ ಸಂಕ ದಾಟಿ ಬರುತ್ತಿದ್ದ ಮಕ್ಕಳು, ಯಕ್ಷಗಾನ ಆಡಿಸಿ ಬೆಂಚುಗಳಿಗೆ ಹಣ ಕೂಡಿಸಿದ ಹಿರಿಯರು, ಇವೆಲ್ಲವನ್ನು ಈ ಸಂಚಿಕೆಯ ಬೇರೆ ಲೇಖಕರು ನನಗಿಂತ ಚೆನ್ನಾಗಿ ಬರೆದಾರು. ಶಾಲೆಯ ಆರಂಭದಿಂದ 2005ರಲ್ಲಿ ನಿವೃತ್ತನಾಗುವವರೆಗೆ ಇಲ್ಲಿಯೇ ಇದ್ದವನು ನಾನು. ಆದುದರಿಂದ ನೆನಪಿನ ಬದಲು ಒಂದು ಅಭಿಪ್ರಾಯವನ್ನು ಓದುಗರ ಮುಂದಿಡುವ ಸ್ವಾತಂತ್ರ್ಯವನ್ನು ವಹಿಸುತ್ತಿದ್ದೇನೆ. ಅದಕ್ಕೆ ಪೀಠಿಕೆಯಾಗಿ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಲೆಕ್ಕ ತಪ್ಪಿದ ಹುಡುಗನಿಗೆ ನಾನು ಹೇಳುತ್ತಿದ್ದ ಮಾತೊಂದಿತ್ತು: “ಹೀಗೇ ಆದರೆ ನೀನು ಅಂಗಡಿ ಜಗಲಿಯಲ್ಲಿ ಕೂರಬೇಕಾದೀತು.” ಓದಿದವನಿಗೆ ಸರಕಾರಿ ಉದ್ಯೋಗ, ಓದದವನಿಗೆ ವ್ಯಾಪಾರ ಎಂಬುದು ಆ ಕಾಲದ ಅಧ್ಯಾಪಕರ ಸಾಮಾನ್ಯ ನಂಬಿಕೆ. 1966ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನಾನೂ ಅದರಿಂದ ಹೊರತಾಗಿರಲಿಲ್ಲ. ಇಂದು ಹಿಂತಿರುಗಿ ನೋಡಿದರೆ, ಈ ಶಾಲೆಯಿಂದ ಹೊರಬಂದವರಲ್ಲಿ ಕೆಲವರು ಸರಕಾರಿ ಸೇವೆಯಲ್ಲಿದ್ದಾರೆ. ಹಲವರು ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಆದರೆ ಊರಿನಲ್ಲಿಯೇ ಉಳಿದವರಲ್ಲಿ ಹೆಚ್ಚಿನವರು ಹೊಲಿಗೆ, ಹಪ್ಪಳ, ಹೈನುಗಾರಿಕೆ, ವಾಹನ ದುರಸ್ತಿ, ಹಿಟ್ಟಿನ ಗಿರಣಿ, ಚಿಕ್ಕ ಅಂಗಡಿ ಇತ್ಯಾದಿಗಳಿಂದಲೇ ಜೀವನ ಸಾಗಿಸುತ್ತಿದ್ದಾರೆ. ಯಾವುದನ್ನು ಬೆದರಿಕೆಯಾಗಿ ಹೇಳಿದ್ದೆನೋ ಅದೇ ಈ ಊರನ್ನು ಹಿಡಿದು ನಿಲ್ಲಿಸಿದೆ. ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿರುವವರೂ ಅವರೇ.

ಇಂಥವರಿಗಾಗಿ ಪಂಚಾಯತಿನಿಂದ ಹಿಡಿದು ಕೇಂದ್ರ ಸರಕಾರದವರೆಗೆ ಹಲವು ಯೋಜನೆಗಳಿವೆ. ಕೇರಳದಲ್ಲಿ 1996ರ ಜನಕೀಯ ಯೋಜನೆಯ ತರುವಾಯ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳ ಕೈಗೆ ಬಂದಿತು. 1998ರಲ್ಲಿ ಆರಂಭವಾದ ಕುಟುಂಬಶ್ರೀ, ನೆರೆಹೊರೆಯ ಹತ್ತಿಪ್ಪತ್ತು ಮಹಿಳೆಯರನ್ನು ಒಂದು ಕೂಟವಾಗಿಸಿ ಉಳಿತಾಯವನ್ನೂ ಸಾಲವನ್ನೂ ಅವರ ಮನೆ ಬಾಗಿಲಿಗೆ ತಂದಿತು. 2022–23ನ್ನು ರಾಜ್ಯ ಸರಕಾರವು ಉದ್ಯಮ ವರ್ಷವೆಂದು ಸಾರಿ, ಒಂದು ವರ್ಷದಲ್ಲಿ 1 ಲಕ್ಷ ಹೊಸ ಉದ್ದಿಮೆಗಳ ಗುರಿಯನ್ನಿಟ್ಟಿತು. ಇಷ್ಟೆಲ್ಲ ಇದ್ದೂ ಸಹಾಯಧನ ಪಡೆದ ಎಲ್ಲ ಉದ್ದಿಮೆಗಳೂ ಬೆಳೆಯುವುದಿಲ್ಲವೇಕೆ ಎಂಬುದು ವಿಚಾರಾರ್ಹ. ನಾನು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಮಸಾಲೆ ಪುಡಿ ಮಾಡುವ ಯಂತ್ರವೊಂದರ ಕಥೆ. ನಮ್ಮ ನೆರೆಕರೆಯ ಮಹಿಳೆಯರ ಗುಂಪೊಂದಕ್ಕೆ ಸಹಾಯಧನವೂ ಬ್ಯಾಂಕ್ ಸಾಲವೂ ಒಟ್ಟಾಗಿ ದೊರೆತು ಯಂತ್ರ ಬಂದಿತು. ಉದ್ಘಾಟನೆಯ ದಿನ ನಾನೂ ವೇದಿಕೆಯಲ್ಲಿದ್ದು ನಾಲ್ಕು ಹಿತವಚನ ಹೇಳಿದ್ದೆ. ಆದರೆ ಆ ಯಂತ್ರಕ್ಕೆ ಬೇಕಾದ ತ್ರೀ ಫೇಸ್ ವಿದ್ಯುತ್ ಸಂಪರ್ಕ ಆ ಕಟ್ಟಡಕ್ಕೆ ಇರಲಿಲ್ಲ. ಅದು ದೊರೆಯುವಷ್ಟರಲ್ಲಿ ಎಂಟು ತಿಂಗಳು ಕಳೆಯಿತು. ಪುಡಿಯನ್ನು ಯಾರಿಗೆ, ಯಾವ ಬೆಲೆಗೆ ಮಾರಬೇಕೆಂಬುದನ್ನು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಯಂತ್ರಕ್ಕೆ ಗೋಣಿಚೀಲ ಹೊದೆಸಿದರು. ಸಾಲದ ಕಂತಿಗಾಗಿ ಇಬ್ಬರು ಕರಿಮಣಿ ಸರವನ್ನು ಅಡವಿಟ್ಟರು. ತರಬೇತಿ ಇರಲಿಲ್ಲವೇ ಎಂದು ಕೇಳಿದೆ. ಇತ್ತು. ಇಬ್ಬರು ಹೋಗಿದ್ದರು. ಹೇಳಿದ್ದು ಮಲಯಾಳದಲ್ಲಿ, ಕೊಟ್ಟ ಪುಸ್ತಕವೂ ಮಲಯಾಳದ್ದು. ಸಂತೆಯ ಮಲಯಾಳ ಬಲ್ಲ ಅವರಿಗೆ ಬಂಡವಾಳ, ಸವಕಳಿ, ಲಾಭಾಂಶಗಳ ಮಲಯಾಳ ತಿಳಿಯಲಿಲ್ಲ. “ಎಲ್ಲರೂ ತಲೆ ಅಲ್ಲಾಡಿಸಿದರು, ನಾವೂ ಅಲ್ಲಾಡಿಸಿದೆವು ಮಾಷ್ಟ್ರೇ” ಎಂದರು.

ಎರಡನೆಯದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಹಲಸಿನ ಹಪ್ಪಳ ಮಾಡಿ ಮಾರುವುದು ಅವಳ ಕಸುಬು. ಅವಳ ಅದೃಷ್ಟಕ್ಕೆ ಅವಳು ಹೋದ ಶಿಬಿರದಲ್ಲಿ ಕನ್ನಡ ಬಲ್ಲ ತರಬೇತುದಾರರೊಬ್ಬರಿದ್ದರು. ಅವರು ಮೊದಲ ದಿನವೇ ಒಂದು ಪ್ರಶ್ನೆ ಕೇಳಿದರಂತೆ: ಒಂದು ಕಟ್ಟು ಹಪ್ಪಳಕ್ಕೆ ನಿಮಗೆ ತಗಲುವ ಖರ್ಚೆಷ್ಟು? ಹಿತ್ತಿಲ ಹಲಸು, ಮನೆಯ ಸೌದೆ, ಸ್ವಂತ ಕೈ. ಖರ್ಚೇ ಇಲ್ಲವೆಂದು ಇವಳ ಉತ್ತರ. ಅನಂತರ ಸೊಳೆ ಬಿಡಿಸುವ, ಬೇಯಿಸುವ, ರುಬ್ಬುವ, ಒತ್ತುವ, ಒಣಗಿಸುವ ಗಂಟೆಗಳನ್ನೆಲ್ಲ ಕೂಲಿಯ ದರದಲ್ಲಿ ಬರೆಸಿದಾಗ, ಹತ್ತು ವರ್ಷಗಳಿಂದ ತಾನು ನಷ್ಟದಲ್ಲಿ ವ್ಯಾಪಾರ ಮಾಡುತ್ತಿದ್ದುದು ಅವಳಿಗೆ ಅರಿವಾಯಿತು. ಬೆಲೆ ಏರಿಸಿದಳು. ಆಹಾರ ಸುರಕ್ಷಾ ನೋಂದಣಿ ಮಾಡಿಸಿದಳು. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಬಂತು. ಹಲಸಿನ ಕಾಲದ ಕೊನೆಗೆ ಮಳೆ ಹಿಡಿದು ಒಣಗಿಸಲಾಗದೆ ಹಾಳಾಗುತ್ತಿದ್ದ ಹಪ್ಪಳಕ್ಕಾಗಿ, ಸಹಾಯಧನದಿಂದ ಚಿಕ್ಕದೊಂದು ಒಣಗಿಸುವ ಯಂತ್ರವನ್ನು ಕೊಂಡಳು. ಇಂದು ಅವಳ ಜಗಲಿಯಲ್ಲಿ ಆರು ಮಂದಿ ಕೆಲಸ ಮಾಡುತ್ತಾರೆ. ಒಮ್ಮೆ ಅವಳು ನಗುತ್ತ ಅಂದ ಮಾತು ನನ್ನ ಮನಸ್ಸಿನಲ್ಲಿ ನಾಟಿದೆ: “ಮಾಷ್ಟ್ರೇ, ಲೆಕ್ಕ ಮಾಡ್ಲಿಕ್ಕೆ ನೀವು ಕಲಿಸಿದ್ದೀರಿ. ಲೆಕ್ಕ ಇಡ್ಲಿಕ್ಕೆ ನಾನು ಕಲಿತದ್ದು ಮೊನ್ನೆ ಮೊನ್ನೆ.”

ಎರಡೂ ಕಡೆ ಸಹಾಯಧನವಿತ್ತು. ಒಂದು ಕಡೆ ಹಣ ಮೊದಲು ಬಂದಿತು, ತಿಳಿವಳಿಕೆ ಬರಲೇ ಇಲ್ಲ. ಇನ್ನೊಂದು ಕಡೆ ತಿಳಿವಳಿಕೆ ಮೊದಲು ಬಂದು, ಯಾವುದಕ್ಕೆ ಎಷ್ಟು ಹಣ ಬೇಕೆಂಬುದನ್ನು ಅದು ನಿರ್ಧರಿಸಿತು. ಕಲಿತ ಬಳಿಕ ಬರುವ ಸಹಾಯಧನವೇ ಉದ್ದಿಮೆಯನ್ನು ಬೆಳೆಸುತ್ತದೆ, ಮತ್ತು ಆ ಕಲಿಕೆ ಕಲಿಯುವವರ ಭಾಷೆಯಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯದ ಸಾರ.

ಇದು ಹೊಸ ವಿಚಾರವೇನೂ ಅಲ್ಲ. ನಮಗೆ ದೂರವಲ್ಲದ ಉಜಿರೆಯಲ್ಲಿ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ನೀಡಿ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿ, ಅನಂತರವೂ ಅವರನ್ನು ಕಂಡು ಮಾತಾಡಿಸಿ ಬರುವುದು ಅದರ ಕ್ರಮ. ಆ ಮಾದರಿಯನ್ನೇ ಕೇಂದ್ರ ಸರಕಾರ ಸ್ವೀಕರಿಸಿ, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಿತು. ಕನ್ನಡ ನೆಲದಲ್ಲಿ, ಕನ್ನಡದ ಪಾಠಗಳಲ್ಲಿ ಮೊಳೆತ ಪದ್ಧತಿಯೊಂದು ದೇಶಕ್ಕೆಲ್ಲ ಹರಡಿದ ಮೇಲೆ ಗಡಿಯ ಈಚೆಗಿರುವ ಕನ್ನಡಿಗರಿಗೆ ಅದು ಕನ್ನಡದಲ್ಲಿ ದೊರೆಯದಿರುವುದು ವಿಪರ್ಯಾಸ.

ಕೈಕಸುಬಿನ ವಿಚಾರದಲ್ಲಿಯೂ ಇದೇ ಪಾಠ. ತೆಂಗಿನ ಮರ ಹತ್ತುವವರೇ ಇಲ್ಲವಾದಾಗ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ತೆಂಗಿನ ಮರದ ಗೆಳೆಯರೆಂಬ ಯೋಜನೆಯನ್ನು ಆರಂಭಿಸಿತು. ಆರು ದಿನಗಳ ಶಿಕ್ಷಣ, ಹತ್ತುವ ಯಂತ್ರ, ಅಪಘಾತ ವಿಮೆ, ಮೂರೂ ಜೊತೆಯಾಗಿ. ಯಂತ್ರವನ್ನಷ್ಟೇ ಹಂಚಿದ್ದರೆ ಅದು ಕೊಟ್ಟಿಗೆಯ ಮೂಲೆ ಸೇರುತ್ತಿತ್ತು.

ಸಾಲದ ವಿಷಯದಲ್ಲಿ ಜನರಿಗೆ ಸರಿಯಾದ ತಿಳಿವಳಿಕೆಯಿಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ಉದಾಹರಣೆಯಾಗಿ ನೋಡೋಣ. ಅದರ 2022ರ ಪರಿಷ್ಕೃತ ನಿಯಮದಂತೆ, ಗ್ರಾಮದ ಮಹಿಳೆಯೊಬ್ಬಳು 4 ಲಕ್ಷ ರೂಪಾಯಿಯ ಉದ್ದಿಮೆ ಕೈಗೊಂಡರೆ ಅವಳ ಸ್ವಂತ ಪಾಲು ಶೇಕಡಾ 5, ಅಂದರೆ 20,000. ಉಳಿದ 3,80,000 ರೂಪಾಯಿಯನ್ನು ಬ್ಯಾಂಕ್ ಕೊಡುತ್ತದೆ. ಶೇಕಡಾ 35ರ ಸಹಾಯಧನ, ಅಂದರೆ 1,40,000 ರೂಪಾಯಿ, ಅವಳ ಕೈಗೆ ಬರುವುದಿಲ್ಲ. ಅದು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿದ್ದು, ಉದ್ದಿಮೆ ನಡೆಯುತ್ತಿದೆಯೆಂದು ಪರಿಶೀಲಿಸಿದ ಬಳಿಕ ಸಾಲಕ್ಕೆ ಜಮೆಯಾಗುತ್ತದೆ. ಮಧ್ಯದಲ್ಲಿ ಕೈಬಿಟ್ಟವರಿಗೆ ಆ ಲಾಭವಿಲ್ಲ. ತಯಾರಿಕಾ ಘಟಕಕ್ಕೆ 10 ಲಕ್ಷದವರೆಗೆ ಯಾವ ಶಿಕ್ಷಣಾರ್ಹತೆಯೂ ಬೇಡ. ಅದಕ್ಕೆ ಮೇಲ್ಪಟ್ಟರೆ ಎಂಟನೆಯ ತರಗತಿ ತೇರ್ಗಡೆಯಾಗಿರಬೇಕು. ನಮ್ಮ ಶಾಲೆಯ ಏಳನೆಯ ತರಗತಿಗೆ ಓದು ನಿಲ್ಲಿಸಿದವರೂ ಈ ಸೌಲಭ್ಯದಿಂದ ಹೊರಗಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಇಂತಹ ಯೋಜನೆಗಳ ಹೆಸರೂ ಪ್ರಮಾಣವೂ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಕೈಗಾರಿಕಾ ಇಲಾಖೆಯ ವಿಸ್ತರಣಾಧಿಕಾರಿಗಳಲ್ಲಿ ವಿಚಾರಿಸುವುದು ಅಗತ್ಯ.

ಸರಕಾರದ ಹಣ ಜನರನ್ನು ಸೋಮಾರಿಗಳನ್ನಾಗಿಸುತ್ತದೆ, ಸ್ವಂತ ಬೆವರಿನಿಂದ ಬೆಳೆದದ್ದೇ ನಿಲ್ಲುತ್ತದೆ ಎಂದು ನನ್ನ ಕೆಲವು ಸಮವಯಸ್ಕರು ವಾದಿಸುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಸಹಾಯಧನಕ್ಕಾಗಿಯೇ ಆಡು ಸಾಕಿ, ಪರಿಶೀಲನೆ ಮುಗಿದ ಮರುದಿನ ಮಾರಿದವರನ್ನು ನಾನೂ ಬಲ್ಲೆ. ಆದರೆ ನಮ್ಮ ನೆರೆಯ ಕಣ್ಣೂರಿನ ಇತಿಹಾಸವನ್ನು ನೋಡಿರಿ. ಬೀಡಿ ಕಾರ್ಮಿಕರ ಕಾನೂನು ಜಾರಿಯಾದಾಗ ಕೆಲಸ ಕಳೆದುಕೊಂಡ ಸಾವಿರಾರು ಕಾರ್ಮಿಕರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಆರಂಭದ ಬಂಡವಾಳಕ್ಕೆ ಸರಕಾರ ನೆರವಾಯಿತು. ಬೀಡಿ ಕಟ್ಟುವ ಕೌಶಲ ಅವರ ಬೆರಳುಗಳಲ್ಲಿ ಮೊದಲೇ ಇತ್ತು. ಬೀಡಿಗೆ ಬೇಡಿಕೆ ಇಳಿದಾಗ ಅದೇ ಸಂಘ ಆಹಾರ ಪದಾರ್ಥ, ಕೊಡೆ ಮುಂತಾದ ತಯಾರಿಕೆಗೆ ಹೊರಳಿತು. ಸರಕಾರದ ನೆರವು ಅವರ ಬೆವರನ್ನು ಒಣಗಿಸಲಿಲ್ಲ. ಕೌಶಲವಿದ್ದಲ್ಲಿ ಹಣ ಗೊಬ್ಬರವಾಗುತ್ತದೆ.

ಇನ್ನು ಭಾಷೆಯ ವಿಚಾರ. ನಾನು ಮಲಯಾಳ ವಿರೋಧಿಯಲ್ಲ. ಈ ರಾಜ್ಯದಲ್ಲಿ ಬಾಳುವ ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಬೇಕೆಂದು ಅಧ್ಯಾಪಕನಾಗಿದ್ದಾಗಲೂ ಹೇಳಿದ್ದೇನೆ. ಆದರೆ ಅಕ್ಷಯ ಕೇಂದ್ರದಲ್ಲಿ ಯಾರೋ ತುಂಬಿಸಿದ ಅರ್ಜಿಗೆ ಓದದೆ ಸಹಿ ಹಾಕುವ ನಲುವತ್ತು, ಐವತ್ತು ವಯಸ್ಸಿನ ತಾಯಂದಿರು ಇನ್ನು ಹೊಸ ಲಿಪಿ ಕಲಿತು ಸಾಲಪತ್ರ ಓದಲಾರರು. ಕೇರಳದ 1969ರ ಅಧಿಕೃತ ಭಾಷಾ ಕಾನೂನು, ಅನಂತರದ ತಿದ್ದುಪಡಿಯೊಂದಿಗೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸಿ, ತಮ್ಮ ಭಾಷೆಯಲ್ಲಿಯೇ ಉತ್ತರ ಪಡೆಯಲು ಅವಕಾಶ ನೀಡಿದೆ. ಈ ಹಕ್ಕನ್ನು ಸಭೆಗಳಲ್ಲಿ ಕೊಂಡಾಡಿದಷ್ಟು ನಾವು ಕಚೇರಿಗಳಲ್ಲಿ ಬಳಸಿಲ್ಲ. ಕನ್ನಡದಲ್ಲಿ ತರಬೇತಿ ಬೇಕೆಂದು ಮೂವತ್ತು ಮಂದಿ ಹೆಸರು ಕೊಟ್ಟು ಕನ್ನಡದಲ್ಲಿಯೇ ಮನವಿ ಬರೆದ ಉದಾಹರಣೆ ನಮ್ಮೂರಿನಲ್ಲಿ ನನಗೆ ಕಾಣಲಿಲ್ಲ. ಕೇಳದೆ ದೊರೆಯಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಈ ಹಿನ್ನೆಲೆಯಲ್ಲಿ ಮಹೋತ್ಸವ ಸಮಿತಿಯ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ಖರ್ಚು ಕಳೆದು ಉಳಿಯುವ ಹಣದಿಂದ ಶಾಲೆಯ ದಾರಿಗೆ ಸಿಮೆಂಟಿನ ಸ್ವಾಗತ ಕಮಾನೊಂದನ್ನು ಕಟ್ಟುವ ಯೋಚನೆಯಿದೆಯೆಂದು ಕೇಳಿದ್ದೇನೆ. ಕಮಾನು ಬೇಡವೆನ್ನಲು ನನಗೆ ಸಂಕೋಚ. ಆದರೂ ಅದರ ಬದಲು ಹಳೆಯ ಕಟ್ಟಡದ ಖಾಲಿ ಬಿದ್ದ ಕೊಠಡಿಯನ್ನು ದುರಸ್ತಿಗೊಳಿಸಿ ಶನಿವಾರದ ಸಹಾಯ ಕೇಂದ್ರವನ್ನಾಗಿ ಮಾಡಬಾರದೇ? ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಹಳೆ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಸರದಿಯಂತೆ ತಿಂಗಳಿಗೊಂದು ಶನಿವಾರ ಕುಳಿತರೂ ಸಾಕು. ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುವುದು, ಖರ್ಚು ವೆಚ್ಚದ ಪುಸ್ತಕ ಬರೆಯಲು ಕಲಿಸುವುದು, ಗ್ರಾಮಸಭೆಯ ಮೊದಲು ಫಲಾನುಭವಿಗಳ ಅರ್ಜಿಯ ಸೂಚನೆಯನ್ನು ಮನೆಮನೆಗೆ ತಿಳಿಸುವುದು, ಕನ್ನಡ ತರಬೇತಿ ತಂಡಕ್ಕಾಗಿ ಹೆಸರು ಕೂಡಿಸಿ ಮನವಿ ಸಲ್ಲಿಸುವುದು, ಇವು ಅವರ ಕೆಲಸ. ನಮ್ಮ ಪಕ್ಕದಲ್ಲಿಯೇ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಅಲ್ಲಿನ ತೆಂಗಿನ ಉತ್ಪನ್ನಗಳ ತರಬೇತಿಗೆ ನಮ್ಮೂರಿನ ಒಂದು ತಂಡವನ್ನು ಕಳುಹಿಸುವುದು ಕಷ್ಟವೇನಲ್ಲ.

ಹೊರನಾಡುಗಳಲ್ಲಿರುವ ಹಳೆ ವಿದ್ಯಾರ್ಥಿಗಳಿಗೂ ಒಂದು ಮಾತು. ಮೇಲೆ ಹೇಳಿದ ಲೆಕ್ಕದಲ್ಲಿ ಬಡ ಮಹಿಳೆಗೆ ತಡೆಯಾಗುವುದು ಹಲವು ಸಲ ಆ 20,000 ರೂಪಾಯಿಯೇ. ನೀವು ಕೂಡಿಸಿದ ಚಿಕ್ಕದೊಂದು ನಿಧಿಯಿಂದ ಅದನ್ನು ಬಡ್ಡಿಯಿಲ್ಲದ ಕೈಸಾಲವಾಗಿ ಕೊಟ್ಟು, ಎರಡು ವರ್ಷಗಳಲ್ಲಿ ಹಿಂಪಡೆದು ಮತ್ತೊಬ್ಬರಿಗೆ ಕೊಡಬಹುದು. ಅದು ದಾನವಾಗಬಾರದು. ತರಬೇತಿ ಮುಗಿಸಿ ಲೆಕ್ಕದ ಪುಸ್ತಕ ತೋರಿಸಿದವರಿಗೆ ಮಾತ್ರ ಎಂಬ ನಿಯಮವಿರಲಿ. ಎಲ್ಲರೂ ಗೆಲ್ಲುವರೆಂದು ನಾನು ಹೇಳಲಾರೆ. ಸೋತವರನ್ನು ಹೀಯಾಳಿಸದೆ ಇನ್ನೊಮ್ಮೆ ಕೂರಿಸಿ ಲೆಕ್ಕ ನೋಡುವ ತಾಳ್ಮೆ ನಮಗಿರಬೇಕು.

ಕೊನೆಯದಾಗಿ, ಇದು ಶಾಲೆಯ ಕೆಲಸವೇ ಎಂದು ಕೆಲವರು ಕೇಳಬಹುದು. ನಾನು ಸೇರಿದಾಗ ಒಂದನೆಯ ತರಗತಿಗೆ ಎರಡು ವಿಭಾಗಗಳಿದ್ದವು. ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು ಹನ್ನೊಂದು. ಇಂಗ್ಲಿಷ್ ಮಾಧ್ಯಮದ ಸೆಳೆತವನ್ನು ಎಲ್ಲರೂ ದೂರುತ್ತಾರೆ, ಅದು ನಿಜವೂ ಹೌದು. ಆದರೆ ಆದಾಯವಿಲ್ಲದೆ ಊರು ಬಿಟ್ಟ ಕುಟುಂಬಗಳ ಮುಚ್ಚಿದ ಬಾಗಿಲುಗಳನ್ನೂ ಎಣಿಸಬೇಕು. ಊರಿನಲ್ಲಿ ದುಡಿಮೆ ನಿಂತರೆ ಕುಟುಂಬ ನಿಲ್ಲುವುದಿಲ್ಲ. ಕುಟುಂಬ ನಿಲ್ಲದಿದ್ದರೆ ಕನ್ನಡ ಶಾಲೆಯೂ ಉಳಿಯದು. ಹಪ್ಪಳದ ಆ ವಿದ್ಯಾರ್ಥಿನಿಯ ಜಗಲಿಯಲ್ಲಿ ದುಡಿಯುವ ಆರು ಮಂದಿಯಲ್ಲಿ ನಾಲ್ವರ ಮಕ್ಕಳು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದಾರೆ.

ಸಮಿತಿಯವರು ಒಪ್ಪುವುದಾದರೆ, ಸಹಾಯ ಕೇಂದ್ರದ ಮೊದಲ ಶನಿವಾರ ಬಂದು ಕುಳಿತುಕೊಳ್ಳಲು ಈ ಹಳೆಯ ಅಧ್ಯಾಪಕ ಸಿದ್ಧನಿದ್ದಾನೆ. ಲೆಕ್ಕ ಇಡುವುದನ್ನು ಕಲಿಸುವ ನನ್ನ ಬಾಕಿ ಪಾಠವೊಂದು ಉಳಿದಿದೆ.