ಶೇರು ಪೇಟೆಯ ಗೆರೆಗಳನ್ನು ಓದುವ ಮುನ್ನ

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಧರ್ಮಕೇಂದ್ರದ ಕೆಲವು ಯುವಕರು ಒಂದು ಮನವಿಯನ್ನು ತಂದರು. ಶೇರು ಪೇಟೆಯಲ್ಲಿ ಹಣ ತೊಡಗಿಸುವ ಬಗೆ ಹಾಗೂ ಬೆಲೆಯ ನಕ್ಷೆಗಳನ್ನು ಓದುವ ವಿದ್ಯೆ ಇವುಗಳ ಕುರಿತು ಒಂದು ದಿನದ ಶಿಬಿರ ನಡೆಸಲು ಚರ್ಚಿನ ಸಭಾಂಗಣ ಬೇಕೆಂಬುದು ಅವರ ಕೋರಿಕೆ. ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯ ಬಂದಾಗ ಹಿರಿಯರೊಬ್ಬರು, "ಫಾದರ್, ಇದು ಅಂದರ್-ಬಾಹರ್ ಆಟಕ್ಕೆ ದೇವಾಲಯದ ಅಂಗಳವನ್ನು ಬಿಟ್ಟುಕೊಟ್ಟಂತೆ" ಎಂದು ಖಡಾಖಂಡಿತವಾಗಿ ವಿರೋಧಿಸಿದರು. ಯುವಕರ ಪರವಾಗಿ ಬಂದವನು ಮೆಲ್ಲನೆ ಕೇಳಿದ್ದು ಒಂದೇ ಮಾತು: "ಠೇವಣಿಯ ಬಡ್ಡಿಯನ್ನು ನಂಬಿ ಈ ಕಾಲದಲ್ಲಿ ಮನೆ ಕಟ್ಟಲಾದೀತೇ?"

ಎರಡು ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಒಂದೇ ಹೆಸರಿನಿಂದ ಬೇರೆ ಬೇರೆ ವಸ್ತುಗಳನ್ನು ಕರೆಯುತ್ತಿದ್ದಾರೆಂದು ನಮಗೆ ತೋರಿತು. ಗುರುಮಠದಲ್ಲಿ ತತ್ವಶಾಸ್ತ್ರದ ಮೊದಲ ಪಾಠವೇ ಇದು: ವಾದಕ್ಕೆ ಇಳಿಯುವ ಮೊದಲು ಪದದ ಅರ್ಥವನ್ನು ವಿಂಗಡಿಸಿಕೊಳ್ಳಬೇಕು.

ಶೇರು ಎಂದರೆ ಪಾಲು. ಹದಿಮೂರನೆಯ ಶತಮಾನದಲ್ಲಿ ಬಡ್ಡಿಯನ್ನು ಕಟುವಾಗಿ ಖಂಡಿಸಿದ ಸಂತ ತೋಮಸ್ ಅಕ್ವಿನಾಸರು ಅದೇ ಚರ್ಚೆಯಲ್ಲಿ ಒಂದು ಸೂಕ್ಷ್ಮ ಭೇದವನ್ನು ಎತ್ತಿ ತೋರಿಸಿದ್ದಾರೆ. ಸಾಲ ಕೊಟ್ಟವನು ಹಣದ ಒಡೆತನವನ್ನೇ ಸಾಲಗಾರನಿಗೆ ಒಪ್ಪಿಸುತ್ತಾನೆ. ನಷ್ಟವಾದರೆ ಅದು ಸಾಲಗಾರನದು. ಆದರೆ ವ್ಯಾಪಾರಿಯೊಡನೆಯೋ ಕುಶಲಕರ್ಮಿಯೊಡನೆಯೋ ಪಾಲುದಾರನಾಗಿ ಹಣ ತೊಡಗಿಸಿದವನು ಒಡೆತನವನ್ನು ಬಿಟ್ಟುಕೊಟ್ಟಿರುವುದಿಲ್ಲ, ನಷ್ಟದ ಭಾರವನ್ನೂ ಹೊತ್ತಿರುತ್ತಾನೆ. ಆದ್ದರಿಂದ ಲಾಭದಲ್ಲಿ ಪಾಲು ಕೇಳುವುದು ಅವನಿಗೆ ನ್ಯಾಯವೇ ಆಗಿದೆ. ಏಳುನೂರು ವರ್ಷಗಳ ಹಿಂದಿನ ಈ ವಿವೇಚನೆಗಿಂತ ಸ್ಪಷ್ಟವಾಗಿ ಶೇರಿನ ನೈತಿಕ ಸ್ವರೂಪವನ್ನು ಹೇಳಿದ್ದನ್ನು ನಾವು ಬೇರೆಡೆ ಓದಿಲ್ಲ. ಇನ್ನೊಂದು ಸ್ವಾರಸ್ಯ: ಜಮಾ-ಖರ್ಚಿನ ಇಮ್ಮಡಿ ಲೆಕ್ಕದ ಕ್ರಮವನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ತಿಳಿಯಪಡಿಸಿದ ಲೂಕಾ ಪಾಚಿಯೋಲಿ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ. ಲೆಕ್ಕವೆಂದರೆ ಲೌಕಿಕ, ಗುರುಗಳಿಗೇಕೆ ಎನ್ನುವವರಿಗೆ ನಾವು ಈತನ ಹೆಸರನ್ನು ಹೇಳುವುದುಂಟು.

ನಮ್ಮ ಕರಾವಳಿಗಂತೂ ಪಾಲುಬಂಡವಾಳ ಹೊಸತಲ್ಲ. ಮಂಗಳೂರಿನಲ್ಲಿ ಕೆನರಾ ಬ್ಯಾಂಕು ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ್ದು 1906ರಲ್ಲಿ. ಮಂಗಳೂರಿನ ಕಥೋಲಿಕರ ಸಹಕಾರಿ ಬ್ಯಾಂಕು 1912ರಲ್ಲಿ. ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಸಾಮಾನ್ಯ ಜನರು ತಮ್ಮ ಉಳಿತಾಯದ ಚಿಕ್ಕ ಚಿಕ್ಕ ಪಾಲುಗಳನ್ನು ಕೂಡಿಸಿ ಬೆಳೆಸಿದ ಸಂಸ್ಥೆಗಳಿವು. ಅದನ್ನು ಯಾರೂ ಜೂಜೆನ್ನಲಿಲ್ಲ.

ಹಾಗಾದರೆ ಕಲಿಯಬೇಕಾದ ಮೊದಲ ಪಾಠವೇನು? ಅಡಿಕೆ ತೋಟ ಕೊಳ್ಳಲು ಹೊರಟ ನಮ್ಮ ರೈತನನ್ನು ನೋಡಿರಿ. ಅವನು ಪಹಣಿ ನೋಡುತ್ತಾನೆ, ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಇಳಿಯುತ್ತದೆಂದು ವಿಚಾರಿಸುತ್ತಾನೆ, ಮೂರು ನಾಲ್ಕು ವರ್ಷಗಳ ಫಸಲನ್ನು ಕೇಳುತ್ತಾನೆ, ತೋಟದ ಮೇಲೆ ಸಾಲವಿದೆಯೇ ಎಂದು ಗುಟ್ಟಾಗಿ ತಿಳಿದುಕೊಳ್ಳುತ್ತಾನೆ. ಅನಂತರವೇ ಬೆಲೆಯ ಮಾತು. ಕಂಪೆನಿಯ ವಾರ್ಷಿಕ ವರದಿಯಲ್ಲಿ ಇರುವುದೂ ಇವೇ ಪ್ರಶ್ನೆಗಳಿಗೆ ಉತ್ತರ: ಆಸ್ತಿ ಎಷ್ಟು, ಸಾಲವೆಷ್ಟು, ಲಾಭವೆಂದು ಬರೆದದ್ದು ನಗದಾಗಿ ಕೈಗೆ ಬಂದಿದೆಯೇ, ನಡೆಸುವವರು ಯಾರು. ಒಂದು ಶೇರಿನ ಪಾಲಿಗೆ ವರ್ಷಕ್ಕೆ 10 ರೂಪಾಯಿ ಲಾಭ ಬರುತ್ತಿದ್ದು ಪೇಟೆಯಲ್ಲಿ ಅದರ ಬೆಲೆ 200 ರೂಪಾಯಿ ಇದ್ದರೆ, ನಾವು ಇಪ್ಪತ್ತು ವರ್ಷದ ಫಸಲನ್ನು ಇಂದೇ ಕೊಟ್ಟು ತೋಟ ಕೊಳ್ಳುತ್ತಿದ್ದೇವೆ ಎಂದರ್ಥ. ಫಸಲು ಹೆಚ್ಚುವ ಭರವಸೆಯಿದ್ದರೆ ಅದು ದುಬಾರಿಯಲ್ಲ, ಇಲ್ಲದಿದ್ದರೆ ದುಬಾರಿ. ಇಷ್ಟನ್ನು ತಿಳಿಯಲು ಹತ್ತನೆಯ ತರಗತಿಯ ಗಣಿತ ಸಾಕು. ಇದಕ್ಕೂ ಪುರುಸೊತ್ತಿಲ್ಲದವರಿಗೆ ಸೆನ್ಸೆಕ್ಸಿನ ಮೂವತ್ತು ಅಥವಾ ನಿಫ್ಟಿಯ ಐವತ್ತು ಕಂಪೆನಿಗಳಲ್ಲಿ ಒಟ್ಟಾಗಿ ಪಾಲು ಕೊಡಿಸುವ ಸೂಚ್ಯಂಕ ನಿಧಿಗಳಿವೆ.

ಈಗ ನಕ್ಷೆಯ ವಿಚಾರ. ಯುವಕರ ಕಣ್ಣು ಇರುವುದು ಇದರ ಮೇಲೆಯೇ. ಮೊಬೈಲಿನ ಪರದೆಯಲ್ಲಿ ಹಸಿರು ಕೆಂಪು ಮೇಣದ ಬತ್ತಿಗಳಂತೆ ಸಾಲಾಗಿ ನಿಂತಿರುವ ಈ ಚಿತ್ರಗಳನ್ನು ನಾವೂ ಕುತೂಹಲದಿಂದ ಕಲಿತೆವು. ಒಂದು ದಿನದ ವಹಿವಾಟಿನ ನಾಲ್ಕು ಸಂಖ್ಯೆಗಳು, ಅಂದರೆ ಆರಂಭದ ಬೆಲೆ, ಅಂತ್ಯದ ಬೆಲೆ, ಅತಿ ಮೇಲಿನದು, ಅತಿ ಕೆಳಗಿನದು, ಒಂದೇ ಬತ್ತಿಯಲ್ಲಿ ಅಡಗಿವೆ. ದಪ್ಪನೆಯ ಭಾಗ ಆರಂಭ ಮತ್ತು ಅಂತ್ಯಗಳ ನಡುವಣ ಅಂತರ. ಮೇಲೆ ಕೆಳಗೆ ಚಾಚಿರುವ ಸಪೂರ ಗೆರೆಗಳು ದಿನದ ಏರಿಳಿತದ ತುದಿಗಳು. ಹದಿನೆಂಟನೆಯ ಶತಮಾನದ ಜಪಾನಿನಲ್ಲಿ, ಒಸಾಕಾದ ಅಕ್ಕಿಯ ಪೇಟೆಯಲ್ಲಿ ವ್ಯವಹರಿಸುತ್ತಿದ್ದ ಹೊಮ್ಮಾ ಮುನೆಹಿಸಾ ಎಂಬ ವರ್ತಕನ ಹೆಸರಿಗೆ ಈ ಪದ್ಧತಿಯನ್ನು ಸಲ್ಲಿಸುವುದು ವಾಡಿಕೆ. ಇನ್ನು 50 ದಿನದ, 200 ದಿನದ ಸರಾಸರಿ ಗೆರೆಗಳೆಂದರೆ, ಕಳೆದ ಅಷ್ಟು ದಿನಗಳ ಅಂತ್ಯದ ಬೆಲೆಗಳನ್ನು ಕೂಡಿಸಿ ಭಾಗಿಸಿದ್ದು, ಅಷ್ಟೆ. ಬೆಲೆ ಹಿಂದೆ ಹಲವು ಸಲ ಎಲ್ಲಿಗೆ ಇಳಿದು ಮತ್ತೆ ಎದ್ದಿತೋ ಅದನ್ನು ಆಧಾರವೆಂದೂ, ಎಲ್ಲಿಗೆ ಏರಿ ತಲೆ ತಗ್ಗಿಸಿತೋ ಅದನ್ನು ತಡೆಯೆಂದೂ ಕರೆಯುತ್ತಾರೆ.

ಅಮೆರಿಕದ ಪತ್ರಕರ್ತ ಚಾರ್ಲ್ಸ್ ಡೌ ಸುಮಾರು 1900ರ ಹೊತ್ತಿಗೆ ಬರೆದ ಲೇಖನಗಳಲ್ಲಿ ಪೇಟೆಯ ಚಲನೆಯನ್ನು ಕಡಲಿಗೆ ಹೋಲಿಸಿದ್ದಾನೆ: ದೊಡ್ಡ ಉಬ್ಬರ-ಇಳಿತ, ಅದರ ಮೇಲೆ ಅಲೆ, ಅಲೆಯ ಮೇಲೆ ಕಿರುತೆರೆ. ಕಡಲ ತಡಿಯವರಾದ ನಮಗೆ ಹೋಲಿಕೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನಾಳೆ ಉಬ್ಬರ ಎಷ್ಟು ಗಂಟೆಗೆ ಎಂದು ಮೊಗವೀರರು ಇಂದೇ ಹೇಳಬಲ್ಲರು, ಏಕೆಂದರೆ ಉಬ್ಬರದ ಹಿಂದೆ ಚಂದ್ರನಿದ್ದಾನೆ. ಶೇರು ಪೇಟೆಗೆ ಚಂದ್ರನಿಲ್ಲ. ಅಲ್ಲಿರುವುದು ಮನುಷ್ಯರ ಆಸೆ, ಭಯ, ಮತ್ತು ಯಾರಿಗೂ ಮೊದಲೇ ತಿಳಿಯದ ಸುದ್ದಿ.

ನಕ್ಷೆ ತೋರಿಸುವುದು ಕಳೆದುಹೋದುದನ್ನು. ಅದರಿಂದ ಮುಂದಿನದನ್ನು ಊಹಿಸಬಹುದೇ ಎಂಬುದು ತತ್ವಶಾಸ್ತ್ರದ ಹಳೆಯ ತೊಡಕು. ಬರ್ಟ್ರಂಡ್ ರಸೆಲ್ 1912ರಲ್ಲಿ ಬರೆದ ತತ್ವಶಾಸ್ತ್ರದ ಪುಸ್ತಕವೊಂದರಲ್ಲಿ ಒಂದು ಕೋಳಿಯ ದೃಷ್ಟಾಂತವಿದೆ. ದಿನವೂ ಕಾಳು ಹಾಕುವ ಕೈಯೇ ಒಂದು ದಿನ ಅದರ ಕುತ್ತಿಗೆ ಮುರಿಯುತ್ತದೆ. ಹಬ್ಬದ ಹಿಂದಿನ ದಿನದವರೆಗೆ ಆ ಕೋಳಿಯ ನಕ್ಷೆ ಬರೆದಿದ್ದರೆ ಅದು ಏರುಗತಿಯ ಅತ್ಯಂತ ಸುಂದರ ನಕ್ಷೆಯಾಗಿರುತ್ತಿತ್ತು! ರಸೆಲ್ ನಾಸ್ತಿಕನಾದರೂ ಕೋಳಿಯ ವಿಷಯದಲ್ಲಿ ಅವನು ಹೇಳಿದ್ದು ನಿಜ.

ನಡೆದ ಉದಾಹರಣೆಯೂ ಇದೆ. 1992ರ ಹರ್ಷದ್ ಮೆಹ್ತಾ ಪ್ರಕರಣದ ಕಾಲದಲ್ಲಿ ಎ.ಸಿ.ಸಿ. ಸಿಮೆಂಟ್ ಕಂಪೆನಿಯ ಶೇರು ಸುಮಾರು 200 ರೂಪಾಯಿಯಿಂದ 9,000 ರೂಪಾಯಿಯವರೆಗೆ ಏರಿತು. ನಕ್ಷೆಯಲ್ಲಿ ಗೆರೆ ಮೇಲೆ ಮೇಲೆ ಹೋಗುತ್ತಿತ್ತು. ಬ್ಯಾಂಕುಗಳ ಹಣ ಸುಳ್ಳು ರಸೀದಿಗಳ ಮೂಲಕ ಹೊರಬಂದು ಆ ಗೆರೆಯನ್ನು ಎತ್ತಿ ಹಿಡಿದಿದೆ ಎಂಬುದನ್ನು ಯಾವ ಗೆರೆಯೂ ಹೇಳಲಿಲ್ಲ. ಅದನ್ನು ಬಯಲಿಗೆಳೆದವರು ಸುಚೇತಾ ದಲಾಲ್ ಎಂಬ ಪತ್ರಕರ್ತೆ, ಕಾಗದಪತ್ರ ಮತ್ತು ಮನುಷ್ಯರನ್ನು ವಿಚಾರಿಸಿ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900 ಅಂಶಕ್ಕೂ ಹೆಚ್ಚು ಕುಸಿದು 26,000ದ ಕೆಳಗೆ ಬಂತು. ಆ ವರ್ಷ ಮುಗಿಯುವಾಗ ಅದೇ 47,000ವನ್ನು ದಾಟಿತ್ತು. ಕುಸಿತವನ್ನೂ ಚೇತರಿಕೆಯನ್ನೂ ನಿಖರವಾಗಿ ಮುಂಗಂಡವರು ಎಷ್ಟು ಮಂದಿ? ಹೆದರಿ ಮಾರಿದವರ ಕಥೆಗಳನ್ನಂತೂ ನಾವು ಬಹಳ ಕೇಳಿದ್ದೇವೆ. ನೂರು ರೂಪಾಯಿ ಐವತ್ತಾದಾಗ ನಷ್ಟ ಶೇಕಡ 50. ಅದು ಮತ್ತೆ ನೂರಾಗಬೇಕಾದರೆ ಶೇಕಡ 100 ಏರಬೇಕು. ಈ ಸರಳ ಲೆಕ್ಕ ಶಿಬಿರಗಳಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ.

ಹಾಗೆಂದು ನಕ್ಷೆ ನಿರುಪಯೋಗಿಯೆಂದು ನಾವು ಹೇಳುವುದಿಲ್ಲ. ಬೆಲೆ ಎಷ್ಟು ಅಲುಗಾಡುತ್ತದೆ, ತಾನು ಕೊಳ್ಳಲು ಹೊರಟಿರುವುದು ಎಲ್ಲರೂ ಮುಗಿಬಿದ್ದು ಕೊಂಡ ಮೇಲೆಯೋ, ವಹಿವಾಟು ತೆಳ್ಳಗಿದೆಯೋ ದಟ್ಟವಾಗಿದೆಯೋ ಎಂಬುದನ್ನು ಅದು ಒಂದೇ ನೋಟಕ್ಕೆ ತಿಳಿಸುತ್ತದೆ. ವೈದ್ಯರ ಬಳಿಯ ಜ್ವರದ ಪಟ್ಟಿಯಂತೆ ಅದನ್ನು ನೋಡಬೇಕು. ಪಟ್ಟಿಯನ್ನು ನೋಡಿಯೇ ರೋಗಿಯನ್ನು ಮುಟ್ಟದೆ ಔಷಧ ಬರೆಯುವ ವೈದ್ಯರ ಬಳಿಗೆ ನಾವಂತೂ ಹೋಗಲಾರೆವು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ನಕ್ಷೆಯ ಪಾಠ ಕಲಿತವರು ಬಹಳ ಬೇಗ ಶೇರುಗಳನ್ನು ಬಿಟ್ಟು ಆಪ್ಷನ್ ಎಂಬ ವಾಯಿದೆಯ ವ್ಯವಹಾರಕ್ಕೆ ಇಳಿಯುತ್ತಿದ್ದಾರೆ. ಇಂತಿಷ್ಟು ದಿನದೊಳಗೆ ಇಂತಿಷ್ಟು ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗಾಗಿ ಸಣ್ಣದೊಂದು ಮೊತ್ತವನ್ನು ತೆರುವುದು. ಬೆಲೆ ಎಣಿಸಿದಂತೆ ಸಾಗದೆ ದಿನ ಕಳೆದರೆ, ಅವಧಿ ಮೀರಿದ ಜಾಗದ ಮುಂಗಡದಂತೆ ಆ ಮೊತ್ತ ಮುಳುಗಿತು. ಇಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಬರಬೇಕು. ನಡುವೆ ದಳ್ಳಾಳಿಯ ಕಮಿಷನ್ನೂ ಸರಕಾರದ ತೆರಿಗೆಯೂ ಕಳೆಯುತ್ತವೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಿಭಾಗದಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡ 93ರಷ್ಟು ಮಂದಿ ಹಣ ಕಳೆದುಕೊಂಡರು. ನಷ್ಟ ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2023-24ರಲ್ಲಿ ಇವರ ಪೈಕಿ ಶೇಕಡ 43 ಮಂದಿ ಮೂವತ್ತು ವರ್ಷ ತುಂಬದವರು.

ಅಂದರ್-ಬಾಹರ್ ಎಂದ ಹಿರಿಯರ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಧರ್ಮಸಭೆಯ ಬೋಧನೆ ಅದೃಷ್ಟದ ಆಟವನ್ನು ತನ್ನಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ತನ್ನ ಹಾಗೂ ತನ್ನವರ ಅಗತ್ಯಗಳಿಗೆ ಬೇಕಾದುದನ್ನು ಅದು ಕಸಿದಾಗ ನೈತಿಕವಾಗಿ ಒಪ್ಪಲಾಗದು ಎನ್ನುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ನಾವು ಬರೆಯುತ್ತಿಲ್ಲ. ಗುರುನಿವಾಸದ ಜಗಲಿಯಲ್ಲಿ ಹಗಲು ಹೊತ್ತಿನಲ್ಲಿ ಕುಳಿತು ಹೇಳಿಕೊಂಡವರ ಮಾತು ಇದು. ತಂಗಿಯ ಮದುವೆಗೆಂದು ತಂದೆ ಗಲ್ಫಿನಿಂದ ಕಳುಹಿಸಿದ ಹಣ, ತಾಯಿಯ ನಿವೃತ್ತಿಯ ಗಂಟು, ಕೊನೆಗೆ ಮೊಬೈಲಿನಲ್ಲೇ ಸಿಗುವ ಸಾಲ. ಮೊದಲ ನಷ್ಟ ಯಾರನ್ನೂ ಮುಳುಗಿಸಿದ್ದಿಲ್ಲ. ಅದನ್ನು ಮನೆಯವರಿಗೆ ಹೇಳಲಾರದೆ, ತುಂಬಿಕೊಳ್ಳಲು ಹೋದ ಎರಡನೆಯದು ಮುಳುಗಿಸಿತು. ಮಗನು ರಾತ್ರಿ ನಿದ್ರೆಯಿಲ್ಲದೆ ಪರದೆ ನೋಡುತ್ತಿದ್ದರೆ ಓದುತ್ತಿದ್ದಾನೆಂದು ಭಾವಿಸಿದ ತಾಯಂದಿರನ್ನು ನಾವು ಬಲ್ಲೆವು.

ಕಲಿಸುವವರ ಬಗ್ಗೆಯೂ ಒಂದು ಮಾತು. ನಕ್ಷೆಯಿಂದ ನಿತ್ಯ ಲಾಭ ಬರುವುದು ನಿಜವಾದರೆ, ಅದನ್ನು ಸಾವಿರಾರು ರೂಪಾಯಿ ಶುಲ್ಕಕ್ಕೆ ಮಾರುವ ಜರೂರು ಗುರುವಿಗೆ ಏಕೆ ಬಂತು? 2025ರ ಜನವರಿಯಲ್ಲಿ ಸೆಬಿ, ಶಿಕ್ಷಣದ ಹೆಸರಿನಲ್ಲಿ ಶಿಫಾರಸು ನಡೆಯದಂತೆ ತಡೆಯಲು, ಹಿಂದಿನ ಮೂರು ತಿಂಗಳ ಬೆಲೆಗಳನ್ನು ಪಾಠದಲ್ಲಿ ಬಳಸಕೂಡದೆಂದು ಸುತ್ತೋಲೆ ಹೊರಡಿಸಿತು. ವಾಟ್ಸಾಪ್ ಗುಂಪಿನಲ್ಲಿ ನಾಳೆ ಏರುವ ಶೇರಿನ ಹೆಸರು ಕೊಡುವವರನ್ನು ಅವರ ಸೆಬಿ ನೋಂದಣಿ ಸಂಖ್ಯೆ ಕೇಳಿರಿ. ಅನೇಕರು ಅಷ್ಟಕ್ಕೇ ಮಾಯವಾಗುತ್ತಾರೆ.

ಸಭಾಂಗಣವನ್ನು ನಾವು ಕೊಟ್ಟೆವು. ಅರ್ಧ ದಿನ ವಾರ್ಷಿಕ ವರದಿಯ ಪಾಠವಾಗಬೇಕು, ಆಪ್ಷನ್ನಿನ ತರಬೇತಿ ಇರಕೂಡದು, ವಿವಾಹಿತರು ದಂಪತಿ ಸಮೇತ ಬರಬೇಕು ಎಂಬುದು ನಮ್ಮ ಷರತ್ತು. ಮೂರನೆಯದಕ್ಕೆ ಗೊಣಗಾಟವಿತ್ತು. ಆದರೆ ಗಂಡನ ಡಿಮ್ಯಾಟ್ ಖಾತೆ ಎಲ್ಲಿದೆ, ನಾಮಿನಿ ಯಾರು ಎಂದು ತಿಳಿಯದೆ ಅಲೆದಾಡಿದ ವಿಧವೆಯರಿಗಾಗಿ ಪತ್ರಗಳನ್ನು ಬರೆದುಕೊಟ್ಟು ನಮಗೆ ಸಾಕಾಗಿದೆ.

ಹಿರಿಯರ ಮನೆಗಳಲ್ಲಿ ಇನ್ನೊಂದು ಕೆಲಸ ಬಾಕಿಯಿದೆ. ಕಪಾಟಿನಲ್ಲಿ, ಹಳೆಯ ಟ್ರಂಕಿನಲ್ಲಿ ಕಾಗದದ ಶೇರುಪತ್ರಗಳಿದ್ದರೆ ಎಸೆಯಬೇಡಿರಿ. ವಿಜಯಾ ಬ್ಯಾಂಕು 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದಾಗ ಸಾವಿರ ಶೇರಿಗೆ 402 ಬರೋಡ ಶೇರುಗಳು ಸಂದವು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕಿನ ಸಾವಿರಕ್ಕೆ ಕೆನರಾದ 158, ಕಾರ್ಪೊರೇಷನ್ ಬ್ಯಾಂಕಿನ ಸಾವಿರಕ್ಕೆ ಯೂನಿಯನ್ ಬ್ಯಾಂಕಿನ 330. ಬ್ಯಾಂಕಿನ ಹೆಸರು ಅಳಿದರೂ ಹಕ್ಕು ಅಳಿದಿಲ್ಲ. ಕಂಪೆನಿ ಕಾಯಿದೆಗೆ ಒಳಪಟ್ಟ ಕಂಪೆನಿಗಳಲ್ಲಿ ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದಿದ್ದರೆ ಶೇರುಗಳೇ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿಂದಲೂ ಅರ್ಜಿ ಹಾಕಿ ಹಿಂಪಡೆಯಬಹುದು. ವಾರಸುದಾರರು ಮರಣಪತ್ರ, ಗುರುತಿನ ದಾಖಲೆ ಮುಂತಾದುವನ್ನು ಒದಗಿಸಿ ತಮ್ಮ ಹೆಸರಿನ ಡಿಮ್ಯಾಟ್ ಖಾತೆಗೆ ಶೇರುಗಳನ್ನು ತರಿಸಿಕೊಳ್ಳಲು ಅವಕಾಶವಿದೆ. ಅರ್ಜಿ ತುಂಬಲು ತಿಳಿಯದವರು ಭಾನುವಾರ ಎರಡನೆಯ ಬಲಿಪೂಜೆಯ ಅನಂತರ ಪತ್ರಗಳೊಡನೆ ಚರ್ಚಿನ ಕಚೇರಿಗೆ ಬಂದರೆ, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಇಬ್ಬರು ಬಾಂಧವರು ನೆರವಾಗಲು ಒಪ್ಪಿದ್ದಾರೆ.