ಎದೆಯೂ ಕಾನೂನೂ

ವಿಜ್ಞಾನದ ಮೇಷ್ಟ್ರಿಗೆ ಕಾನೂನಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ದೇಹದ ಬಗ್ಗೆ ಕಾನೂನು ಮಾಡಿದಾಗ, ದೇಹದ ಬಗ್ಗೆ ನಮಗೆ ಗೊತ್ತಿರುವುದೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಈ ವಾರ ಅಮೆರಿಕದ ಎರಡು ಊರುಗಳ ವಿಷಯ.

ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ 2015ರಲ್ಲಿ ಒಂದು ನಿಯಮ ಬಂತು. ಹತ್ತು ವರ್ಷ ತುಂಬಿದ ಯಾವ ಹೆಣ್ಣೂ ಸಾರ್ವಜನಿಕ ಸ್ಥಳದಲ್ಲಿ ಎದೆ ತೆರೆದು ಕಾಣಿಸಿಕೊಳ್ಳುವಂತಿರಲಿಲ್ಲ. ಮಗುವಿಗೆ ಹಾಲೂಡಿಸುವಾಗ ಮಾತ್ರ ವಿನಾಯಿತಿ ಇತ್ತು. ಗಂಡಸರಿಗೆ ಇಂಥ ನಿಯಮವಿರಲಿಲ್ಲ. ಇದು ಸಮಾನತೆಗೆ ವಿರುದ್ಧವೆಂದು ಕೆಲವು ಮಹಿಳೆಯರು ಕೋರ್ಟಿಗೆ ಹೋದರು. ಇತ್ತ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಲಾಕೋನಿಯಾ ಪಟ್ಟಣದಲ್ಲಿ ಇಂಥದೇ ನಿಯಮ ಮುರಿದರೆಂದು 2016ರಲ್ಲಿ ಮೂವರು ಮಹಿಳೆಯರ ಮೇಲೆ ಮೊಕದ್ದಮೆ ಹೂಡಲಾಯಿತು.

ಸ್ವಾರಸ್ಯವೆಂದರೆ ಎರಡೂ ತೀರ್ಪುಗಳು ಬಂದದ್ದು 2019ರ ಫೆಬ್ರವರಿಯಲ್ಲೇ, ಆದರೆ ಒಂದಕ್ಕೊಂದು ತದ್ವಿರುದ್ಧ! ಫೋರ್ಟ್ ಕಾಲಿನ್ಸ್ ನಿಯಮಕ್ಕಿದ್ದ ತಡೆಯಾಜ್ಞೆಯನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಲಾಕೋನಿಯಾದ ನಿಯಮ ಸರಿಯೆಂದು ನ್ಯೂ ಹ್ಯಾಂಪ್‌ಷೈರ್ ಸುಪ್ರೀಂ ಕೋರ್ಟ್ ಹೇಳಿತು. ಅದೂ ಮೂವರು ನ್ಯಾಯಮೂರ್ತಿಗಳು ಪರ, ಇಬ್ಬರು ವಿರೋಧ. ಓದಿ ತಿಳಿದ ನ್ಯಾಯಮೂರ್ತಿಗಳಿಗೇ ಒಮ್ಮತವಿಲ್ಲ ಎಂದಮೇಲೆ ಪ್ರಶ್ನೆ ಸುಲಭದ್ದಲ್ಲ.

ಜೀವಶಾಸ್ತ್ರ ಏನು ಹೇಳುತ್ತದೆ? ಗಂಡಸರಿಗೆ ಸ್ತನತೊಟ್ಟು ಏಕಿದೆ ಎಂದು ವಿದ್ಯಾರ್ಥಿಗಳು ನಗುತ್ತ ಕೇಳುವುದುಂಟು. ಪ್ರಶ್ನೆ ಚೆನ್ನಾಗಿದೆ. ಗರ್ಭದಲ್ಲಿರುವ ಭ್ರೂಣ ಗಂಡೋ ಹೆಣ್ಣೋ ಎಂಬುದು ಅಂಗರಚನೆಯಲ್ಲಿ ಕಾಣುವ ಮೊದಲೇ ಸ್ತನತೊಟ್ಟಿನ ಮೂಲ ರಚನೆ ಮೂಡಿರುತ್ತದೆ. ಆದ್ದರಿಂದ ಇಬ್ಬರಿಗೂ ಅದು ಇದೆ. ಸುಮಾರು ಹತ್ತು ಹನ್ನೊಂದು ವರ್ಷದವರೆಗೆ ಹುಡುಗ ಹುಡುಗಿಯರ ಎದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆಮೇಲೆ ಈಸ್ಟ್ರೋಜನ್ ಹಾರ್ಮೋನಿನಿಂದ ಹುಡುಗಿಯರಲ್ಲಿ ಸ್ತನ ಬೆಳೆಯುತ್ತದೆ. ಇದೊಂದು ದ್ವಿತೀಯಕ ಲೈಂಗಿಕ ಲಕ್ಷಣ. ಹುಡುಗರಿಗೆ ಬರುವ ಮೀಸೆಯೂ ಅಂಥದೇ. ಆದರೆ ಮೀಸೆಯನ್ನು ಮುಚ್ಚಿಕೊಂಡು ಓಡಾಡಿ ಎಂದು ಯಾರೂ ಹೇಳಿಲ್ಲ!

ಅಂದರೆ ವ್ಯತ್ಯಾಸ ಇರುವುದು ನಿಜ. ಆ ವ್ಯತ್ಯಾಸಕ್ಕೆ ನಾಚಿಕೆಯ ಅರ್ಥ ಕೊಟ್ಟದ್ದು ಸಮಾಜ. ಈ ಅರ್ಥ ಕಾಲಕಾಲಕ್ಕೆ ಬದಲಾಗುತ್ತದೆ. ಅಮೆರಿಕದ ಅನೇಕ ಕಡಲತೀರಗಳಲ್ಲಿ 1930ರ ದಶಕದವರೆಗೂ ಗಂಡಸರು ಸಹ ಬರಿಮೈಯಲ್ಲಿ ಈಜುವಂತಿರಲಿಲ್ಲ. ಮುಂದೆ ಅವರಿಗೆ ಅನುಮತಿ ಸಿಕ್ಕಿತು, ಆಕಾಶವೇನೂ ಕಳಚಿ ಬೀಳಲಿಲ್ಲ.

ನಮ್ಮ ನೆರೆಯಲ್ಲೇ ಇದರ ಇನ್ನೊಂದು ಮುಖವಿದೆ. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಸಮುದಾಯದ ಮಹಿಳೆಯರು ಮೇಲ್ಜಾತಿಯವರ ಎದುರು ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ಮುಚ್ಚಿಕೊಂಡವರ ಬಟ್ಟೆಯನ್ನು ಸಂತೆಯಲ್ಲಿ, ಬೀದಿಯಲ್ಲಿ ಹರಿದೆಸೆದದ್ದೂ ಉಂಟು. ದಶಕಗಳ ಹೋರಾಟದ ನಂತರ 1859ರ ಜುಲೈನಲ್ಲಿ ಮಹಾರಾಜರು ಎದೆ ಮುಚ್ಚಿಕೊಳ್ಳಲು ಅನುಮತಿ ನೀಡಿ ಘೋಷಣೆ ಹೊರಡಿಸಿದರು. ಆಗಲೂ, ಮೇಲ್ಜಾತಿಯ ಸ್ತ್ರೀಯರಂತೆ ಉಡಬಾರದು ಎಂಬ ಷರತ್ತು ಉಳಿಯಿತು. ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಚರಿತ್ರೆ ಪುಸ್ತಕದಲ್ಲಿ ಇದರ ಪಾಠವಿತ್ತು. 2019ರಲ್ಲಿ ಆ ಅಧ್ಯಾಯವನ್ನೇ ಕೈಬಿಟ್ಟರು.

ಒಂದು ಕಡೆ ತೆರೆಯಬೇಡ ಎಂಬ ಕಾನೂನು, ಇನ್ನೊಂದು ಕಡೆ ಮುಚ್ಚಬೇಡ ಎಂಬ ಕಟ್ಟಳೆ. ಎರಡರಲ್ಲೂ ಸಮಾನವಾದ ಅಂಶ ಒಂದೇ: ತೀರ್ಮಾನ ಹೆಣ್ಣಿನದಲ್ಲ. ಹಾಗೆಂದು ಯಾರೂ ಎದೆ ತೆರೆದು ಓಡಾಡಲಿ ಎಂಬುದು ಈ ಬರಹದ ಉದ್ದೇಶವಲ್ಲ. ಯಾವ ಊರಿಗೂ ಅದರದೇ ಉಡುಗೆ, ಸಭ್ಯತೆ ಇರುತ್ತದೆ. ಆದರೆ ಸಭ್ಯತೆಯ ಹೊರೆಯೆಲ್ಲ ಹುಡುಗಿಯರ ತಲೆಯ ಮೇಲೇ ಏಕೆ ಎಂದು ಕೇಳುವ ಹಕ್ಕು ಅವರಿಗಿದೆ.

ಪಾಲಕರಿಗೆ ಒಂದು ಮಾತು. ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸುವ ಶಾಲೆಗಳು ಇಂದಿಗೂ ಇವೆ. ಮನೆಯಲ್ಲಿ ಕೇಳಿದರೆ 'ಅದೆಲ್ಲ ಈಗ ಬೇಡ' ಎಂಬ ಉತ್ತರ. ಹೀಗೆ ಕಲಿತ ನಾಚಿಕೆ ದುಬಾರಿಯಾಗುತ್ತದೆ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದು. ಬೇಗ ಪತ್ತೆಯಾದರೆ ಗುಣವಾಗುವ ಸಂಭವ ಹೆಚ್ಚು. ಆದರೆ ಗಂಟು ಕೈಗೆ ಸಿಕ್ಕರೂ ಹೇಳಲು ಸಂಕೋಚಪಟ್ಟು ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ. ಈ ಕಾಯಿಲೆ ಗಂಡಸರನ್ನೂ ಬಿಟ್ಟಿಲ್ಲ, ಅಪರೂಪ ಅಷ್ಟೆ.

ಆದ್ದರಿಂದ ಮಗಳಿಗೆ ಮಾತ್ರವಲ್ಲ, ಮಗನಿಗೂ ದೇಹದ ಪಾಠ ಹೇಳಿ. ಕಣ್ಣು, ಕಿವಿ, ಮೂಗು ಎಂದು ಹೇಳುವಷ್ಟೇ ಸಹಜವಾಗಿ ಹೇಳಿ. ಅಂಗಗಳ ಹೆಸರನ್ನು ಅಂಜದೆ ಹೇಳಬಲ್ಲ ಹುಡುಗ ದಾರಿಯಲ್ಲಿ ಹೋಗುವ ಹುಡುಗಿಯನ್ನು ದಿಟ್ಟಿಸಿ ನಗುವುದು ಕಡಿಮೆ.