ಲೋಕಲ್ ಗಾಡಿ ಹತ್ತುವ ದೋಣಿ

ಶನಿವಾರ ಬೆಳಗಿನ ಜಾವ ಕಳವಾ ಸ್ಟೇಷನ್ನಿನಲ್ಲಿ ಬೆನ್ನಿಗೆ ಚೀಲ ಏರಿಸಿ ನಿಂತವರನ್ನು ಯಾರೂ ತಿರುಗಿ ನೋಡುವುದಿಲ್ಲ. ಕರ್ಜತ್ ಕಡೆಯ ಬೆಟ್ಟಕ್ಕೆ ಹೊರಟವರು, ಅಷ್ಟೆ. ಇಲ್ಲಿಂದ ಸ್ಲೋ ಲೋಕಲ್ ಹಿಡಿದು, ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಗಾಡಿ ಬದಲಿಸಬೇಕು. ಮಡಚಿದರೂ ಐವತ್ತು ಅರವತ್ತು ಕಿಲೋ ತೂಗುವ ರಾಫ್ಟಿಂಗ್ ದೋಣಿ ಆ ಗಾಡಿಗೆ ಹತ್ತುವ ಮಾತಲ್ಲ. ಹಾಗಾಗಿಯೇ ಈ ಕಡೆಯ ಕನ್ನಡಿಗರಿಗೆ ರಭಸದ ನೀರೆಂದರೆ ಕೋಲಾಡಿನ ಕುಂಡಲಿಕಾ, ಊರಿಗೆ ಹೋದಾಗ ದಾಂಡೇಲಿಯ ಕಾಳಿ. ಎರಡೂ ಕಡೆ ಅಣೆಕಟ್ಟು ಬಿಡುವ ನೀರು, ದಡದವರೆಗೂ ಜೀಪು.

ಜೀಪಿನ ಹಂಗಿಲ್ಲದ ದೋಣಿಯ ಹೆಸರು ಪ್ಯಾಕ್‌ರಾಫ್ಟ್. ತೂಕ ಮೂರು ಕಿಲೋ ಆಸುಪಾಸು. ಟಿಪಿಯು ಲೇಪಿಸಿದ ನೈಲಾನ್ ಬಟ್ಟೆ. ಸುತ್ತಿದರೆ ಮಲಗುವ ಚೀಲದಷ್ಟಾಗುತ್ತದೆ. ಪಂಪು ಬೇಡ, ಗಾಳಿಯನ್ನು ಒಂದು ತೆಳು ಚೀಲದಲ್ಲಿ ಹಿಡಿದು ಒತ್ತಿ ತುಂಬಬಹುದು. 1840ರ ದಶಕದಲ್ಲೇ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ ಮೇಲಂಗಿಯಂತೆ ತೊಡಬಹುದಾದ ಗಾಳಿದೋಣಿ ಮಾಡಿದ್ದ. ಇಂದಿನ ರೂಪ ಕೊಟ್ಟವರು ಅಲಾಸ್ಕಾದ ಶೆರಿ ಟಿಂಗಿ, 2000ದ ಸುಮಾರಿಗೆ, ಮಗನ ಕಾಡುಯಾತ್ರೆಗೆಂದು.

ತೊಂದರೆ ಶುರುವಾಗುವುದು ಅಲಾಸ್ಕಾದ ನಕ್ಷೆಯನ್ನು ಹಾಗೇ ಸಹ್ಯಾದ್ರಿಗೆ ತಂದಾಗ. ಅಲ್ಲಿ ಶತ್ರು ಚಳಿ. ಇಲ್ಲಿ ಕಪ್ಪುಕಲ್ಲಿನ ಅಂಚು, ಮತ್ತೆ ಬಿಸಿಲು. ನಲವತ್ತು ಡಿಗ್ರಿ ಬಿಸಿಲಲ್ಲಿ 2 ಪಿಎಸ್ಐ ಒತ್ತಡಕ್ಕೆ ಊದಿದ ಕೊಳವೆಯನ್ನು ಇಪ್ಪತ್ತೈದು ಡಿಗ್ರಿಯ ನೀರಿಗಿಳಿಸಿದರೆ, ಗಾತ್ರ ಹಾಗೇ ಉಳಿದರೂ, ಒತ್ತಡ 1.2ರ ಹತ್ತಿರಕ್ಕೆ ಬೀಳುತ್ತದೆ. ಗಟ್ಟಿಯಾಗಿದ್ದ ದೋಣಿ ಮೊದಲ ಸುಳಿಯಲ್ಲೇ ನಡು ಬಾಗಿಸುತ್ತದೆ. ಅದನ್ನೇ ಊಟದ ಹೊತ್ತಿಗೆ ಬಂಡೆಯ ಮೇಲೆ ಬಿಸಿಲಿಗೆ ಬಿಟ್ಟರೆ ಬೆಸುಗೆಗೆ ಅಪಾಯ. ಕೂತಲ್ಲಿಂದಲೇ ಬಾಯಿಂದ ಊದಬಲ್ಲ ವಾಲ್ವ್ ಇಲ್ಲಿ ಶೋಕಿಯಲ್ಲ.

ತೂಕ ಇಳಿಸುವ ಹುರುಪಿನಲ್ಲಿ ಮೊದಲು ಬಡವಾಗುವುದು ತಳದ ಬಟ್ಟೆ. ಇದು ತಪ್ಪು ಜಾಗದ ಉಳಿತಾಯ. ಕಡಿಮೆ ನೀರಿನ ಹಳ್ಳದಲ್ಲಿ ದೋಣಿ ತೇಲುವುದಕ್ಕಿಂತ ಉಜ್ಜುವುದೇ ಹೆಚ್ಚು. ಒರಗು, ಜಿಪ್ಪು, ಹತ್ತಾರು ಕುಣಿಕೆ ತೆಗೆಯಲಿ. ತಳ ಮಾತ್ರ ದಪ್ಪಗಿರಲಿ. ಇನ್ನೊಂದು: ಹೆಚ್ಚಿನ ಪ್ಯಾಕ್‌ರಾಫ್ಟ್‌ಗಳ ಸುತ್ತುಕೊಳವೆಗೆ ಒಂದೇ ಗಾಳಿಕೋಣೆ. ಹರಿದರೆ ಎಲ್ಲವೂ ಹೋಯಿತು. ನಡುವೆ ಒಂದು ಅಡ್ಡಗೋಡೆ, ಇನ್ನೊಂದು ವಾಲ್ವ್ ಸೇರಿಸಿದರೆ ತೂಕ ಏರುತ್ತದೆ, ನಿಜ. ಒಂದು ಲೀಟರ್ ನೀರನ್ನೇ ಕಿಲೋ ಲೆಕ್ಕದಲ್ಲಿ ಹೊತ್ತು ಘಾಟಿ ಹತ್ತುವವರಿಗೆ ಅದೊಂದು ಹೊರೆಯೇ?

ಹಗುರ ದೋಣಿ ಕೈಗೆ ಬಂದವರಿಗೆ ಮಳೆಗಾಲದ ಆಸೆ ಹುಟ್ಟುವುದೂ ಸಹಜ. ಕರ್ಜತ್‌ನಿಂದ ಕಲ್ಯಾಣದ ಕಡೆ ಹರಿಯುವ ಉಲ್ಹಾಸ್ ನದಿ 2019ರ ಜುಲೈ 27ರಂದು ಬದ್ಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ನಿಲ್ಲಿಸಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಲು ಎನ್‌ಡಿಆರ್‌ಎಫ್ ಗಾಳಿದೋಣಿ ತಂದಿತು. ಅವು ಬೇರೆ ಜಾತಿಯವು, ಭಾರದವು, ಪಳಗಿದ ತಂಡದ ಕೈಯಲ್ಲಿದ್ದವು. ಮೂರು ಕಿಲೋದ ದೋಣಿ ಆ ನೀರಿಗಲ್ಲ. ಅದು ಮಳೆ ಇಳಿದು, ಹಳ್ಳದ ತಳ ಕಾಣತೊಡಗಿದ ವಾರಗಳಿಗೆ. ತಯಾರಕರು ಇದನ್ನು ದೋಣಿಯ ಮೇಲೆಯೇ ಅಚ್ಚುಹಾಕಬೇಕು, ಕೈಪಿಡಿಯ ಕೊನೆಯ ಪುಟದಲ್ಲಲ್ಲ.

ತುಂಗಭದ್ರೆಯ ಹರಿಗೋಲು ಇಲ್ಲಿ ನೆನಪಾಗುತ್ತದೆ. ಅದೂ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಲ್ಲ ದೋಣಿ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದರ ಬುಟ್ಟಿಯಂಥ ಆಕಾರವನ್ನು, ಚರ್ಮದ ಹೊದಿಕೆಯನ್ನು ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಆದರೆ ತೂತಾದರೆ ಅಂಬಿಗ ಅದನ್ನು ದಡದಲ್ಲೇ ಮುಚ್ಚುತ್ತಾನೆ, ಕಂಪನಿಗೆ ಪಾರ್ಸೆಲ್ ಮಾಡುವುದಿಲ್ಲ. ಪ್ಯಾಕ್‌ರಾಫ್ಟಿನ ತೇಪೆಗೆ ಒಣಗಿದ, ಒರೆಸಿದ ಬಟ್ಟೆ ಬೇಕು. ಸೆಪ್ಟೆಂಬರಿನ ಕರ್ಜತ್‌ನಲ್ಲಿ ಒಣಗಿದ ಬಟ್ಟೆ ಎಲ್ಲಿಂದ ತರುವುದು? ಒದ್ದೆಯಲ್ಲೂ ಹಿಡಿಯುವ ತೇಪೆ ಕೈಚೀಲದಲ್ಲಿ ಸಿಗುವವರೆಗೆ ಎರಡನೇ ಕೋಣೆಯ ತೂಕವನ್ನು ಹೊತ್ತೇ ನಡೆಯಬೇಕು.